ತೇಗದ ಪೆಟ್ಟಿಗೆ, ತೊಗಲಿನ ಪೆಟ್ಟಿಗೆ

ಉತ್ತಯ್ಯ ತನ್ನ ಫೋನಿನ ಪೆಟ್ಟಿಗೆಯನ್ನು ಎದೆಯ ಮಟ್ಟಕ್ಕೆ ಎತ್ತಿ, ಎಲ್ಲರ ಕಣ್ಣೂ ತನ್ನ ಮೇಲಿದೆಯೆಂದು ಖಾತ್ರಿ ಮಾಡಿಕೊಂಡು, ಜಗಲಿಯಿಂದ ಅಂಗಳಕ್ಕೆ ಬಿಟ್ಟ. ಅದು ದೊಪ್ಪನೆ ಬಿದ್ದು, ಒಂದು ಮಗ್ಗುಲು ಹೊರಳಿ, ಕೋಳಿಗಳನ್ನೆಲ್ಲ ಚದುರಿಸಿತು. ಇಳಿದು ಹೋಗಿ ಎತ್ತಿಕೊಂಡು ಬಂದ. ತೊಗಲಿನ ಹೊದಿಕೆಗೆ ಒಂದಿಷ್ಟು ಧೂಳು ಮೆತ್ತಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

"ನೋಡಿದ್ರಾ ಬಾವ? ಬರ್ಮಾದ ಕಾಡಲ್ಲಿ ಜೀಪಿನಿಂದ ಬಿದ್ದು, ಎತ್ತಿದ ಕೂಡಲೇ ಮಾತಾಡಿದ ಜಾತಿ ಇದು. ಈಗ ನಿಮ್ಮ ಆ ತೇಗದ ಬೀರುವನ್ನು ಒಮ್ಮೆ ಬೀಳಿಸುವ."

"ಗೋಡೆಗೆ ಹೊಡೆಯುವ ಸಾಮಾನನ್ನು ಯಾಕೆ ಬೀಳಿಸೋದು?" ಎಂದ ದೇರಪ್ಪ. "ಬೀಳಿಸಲೇಬೇಕು ಅಂತ ಕೈ ತುರಿಸಿದರೆ ಒಳಗೆ ತೆಂಗಿನಕಾಯಿ ಉಂಟು, ಕೊಡಿಸ್ತೇನೆ."

ಗಂಗಮ್ಮ ಎಲ್ಲರಿಗೂ ಬೆಲ್ಲದ ಕಾಫಿ ಕೊಡುತ್ತಾ, ಉಳಿದವರು ನಕ್ಕಾಗ ತಾನೂ ನಕ್ಕಳು. ಗಂಡ ಏನೆಂದನೆಂಬುದು ಅವಳಿಗೆ ಅರ್ಧ ಮಾತ್ರ ತಿಳಿದಿತ್ತು.

ದೇರಪ್ಪ ಗಂಗಮ್ಮನ ಗಂಡ. ಉತ್ತಯ್ಯ ಅವರ ಬೀಗ. ಮಗಳು ಸರೋಜಳ ಮಾವ. ಸೈನ್ಯದಲ್ಲಿ ತಂತಿ, ಫೋನುಗಳ ಕೆಲಸ ಮಾಡಿ ಹವಾಲ್ದಾರನಾಗಿ ನಿವೃತ್ತನಾದವನು. ನಾಪೋಕ್ಲಿನಿಂದ ಒಳಗೆ ಹೋದರೆ ಒಂದು ಉದ್ದನೆಯ ಗದ್ದೆಬಯಲು. ಅದರ ಈ ದಡದ ದಿಬ್ಬದಲ್ಲಿ ದೇರಪ್ಪನ ಮನೆ, ಆ ದಡದ ದಿಬ್ಬದಲ್ಲಿ ಉತ್ತಯ್ಯನ ಮನೆ. ಜಗಲಿಯಲ್ಲಿ ನಿಂತರೆ ಒಬ್ಬರ ಮನೆಯ ಒಲೆಯ ಹೊಗೆ ಇನ್ನೊಬ್ಬರಿಗೆ ಕಾಣುತ್ತದೆ. ಆದರೆ ನಡುವೆ ಹರಿಯುವ ತೋಡು ಮಳೆಗಾಲದಲ್ಲಿ ಉಕ್ಕಿತೆಂದರೆ ದಾಟಲು ಹಾಕಿದ ಅಡಿಕೆಮರದ ಪಾಲ ಕೊಚ್ಚಿಹೋಗಿ, ಎದುರುಮನೆಯ ಸುದ್ದಿ ನಾಪೋಕ್ಲು ಸುತ್ತಿಕೊಂಡು ಬರಬೇಕು. ಸೈನ್ಯದಲ್ಲಿದ್ದ ಗಂಡ ರಜೆ ಮುಗಿಸಿ ಹೋದ ಮೇಲೆ ಸರೋಜ ಬಸುರಿಯೆಂದು ತಿಳಿಯಿತು. ಆಗ ಬೀಗರಿಬ್ಬರೂ ಕೂತು, ಮನೆಯಿಂದ ಮನೆಗೆ ಒಂದು ತಂತಿ ಎಳೆದೇಬಿಡುವುದೆಂದು ತೀರ್ಮಾನಿಸಿದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಯಾವ ಕಚೇರಿಯಲ್ಲಿ ಅಪ್ಪಣೆ ಕೇಳಬೇಕೆಂಬುದು ಕಚೇರಿಯವರಿಗೇ ಸರಿಯಾಗಿ ತಿಳಿಯದೆ, ಕಡೆಗೂ ಅಪ್ಪಣೆ ಬಂತು. ಆಮೇಲೆ ಶುರುವಾಯಿತು ಜಗಳ.

ತಂತಿ ಒಂದು, ಪೆಟ್ಟಿಗೆಗಳು ಎರಡು ಜೊತೆ. ಅಮ್ಮತ್ತಿಯ ಕಡೆ ಎಸ್ಟೇಟ್ ಮಾರಿ ಊರಿಗೆ ಹಡಗು ಹತ್ತಿದ ಒಬ್ಬ ದೊರೆಯ ಬಂಗಲೆಯ ಹರಾಜಿನಲ್ಲಿ ದೇರಪ್ಪ ಒಂದು ಜೊತೆ ತಂದಿದ್ದ. ತೇಗದ ಪೆಟ್ಟಿಗೆ, ಮೂಲೆಗಳಲ್ಲಿ ಒಂದು ಮೊಳೆಯಿಲ್ಲ, ಹಲ್ಲಿಗೆ ಹಲ್ಲು ಕೂರಿಸಿದ ಕೆಲಸ. ನೆತ್ತಿಯ ಮೇಲೆ ಎರಡು ಹಿತ್ತಾಳೆ ಗಂಟೆ, ಮುಂದಕ್ಕೆ ಚಾಚಿದ ಮಾತಾಡುವ ಬಾಯಿ, ಬದಿಯ ಕೊಕ್ಕೆಗೆ ನೂಲಿನ ಹುರಿಯಲ್ಲಿ ತೂಗುವ ಕೇಳುವ ಕೊಳವೆ. ದನಕ್ಕೆ ಮದ್ದು ಕುಡಿಸುವ ಬಿದಿರಿನ ಗೊಟ್ಟದ ಹಾಗೆ ಇದೆಯೆಂದು ಗಂಗಮ್ಮ ಅದನ್ನು ಗೊಟ್ಟ ಎಂದೇ ಕರೆದಳು. ಉತ್ತಯ್ಯನದು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಮಾಲು. ಹೆಗಲಿಗೆ ಹಾಕುವ ಪಟ್ಟಿಯಿದ್ದ ತೊಗಲಿನ ಪೆಟ್ಟಿಗೆ, ತಿರುಗಿಸಿದರೆ ಆ ತುದಿಯ ಗಂಟೆ ಬಾರಿಸುವ ಮಡಚು ತಿರುಗಣೆ, ಕೇಳುವುದೂ ಮಾತಾಡುವುದೂ ಒಂದೇ ಕಪ್ಪು ಹಿಡಿಯಲ್ಲಿ.

"ಒಂದೇ ಕೈ ಸಾಕು ಇದಕ್ಕೆ," ಎಂದ ಉತ್ತಯ್ಯ. "ಇನ್ನೊಂದು ಕೈಲಿ ಬಂದೂಕು ಹಿಡೀಬಹುದು. ನಿಮ್ಮದಕ್ಕೆ ಗೊಟ್ಟ ಹಿಡಿಯೋಕೆ ಒಂದು ಕೈ, ಆ ಬಾಯಿಯ ಮುಂದೆ ಬಗ್ಗಿ ನಿಲ್ಲೋಕೆ ಒಂದು ಸೊಂಟ."

"ಬೀಗರ ಹತ್ರ ಮಾತಾಡುವಾಗ ಬಂದೂಕು ಎಂತಕ್ಕೆ?"

"ಬೀಗರ ಹತ್ರವೇ ಬೇಕಾಗೋದು. ಮತ್ತೆ ನೋಡಿ, ಈ ಒತ್ತುಗುಂಡಿ. ಒತ್ತಿದರೆ ಮಾತ್ರ ಮಾತು ಹೋಗ್ತದೆ, ಒತ್ತಿದಷ್ಟೇ ಬ್ಯಾಟರಿ ಖರ್ಚು. ಟಾರ್ಚಿಗೆ ಹಾಕುವ ಬ್ಯಾಟರಿ ಸಾಕು, ನಾಪೋಕ್ಲಲ್ಲೇ ಸಿಗ್ತದೆ. ನಿಮ್ಮ ಬೀರುವಿಗೆ ಹಾಕೋಕೆ ಆ ಲೋಟದಷ್ಟು ದಪ್ಪದ್ದು ಮೈಸೂರಿಂದ ಬರಬೇಕು."

ದೇರಪ್ಪ ಎದ್ದು ಹೋಗಿ ಮೂಗಿನ ಹತ್ತಿರ ತೊಗಲಿನ ಪೆಟ್ಟಿಗೆ ಹಿಡಿದು ಮೂಸಿದ. "ಒಂದು ಮಳೆಗಾಲ ಕಳೀಲಿ. ಇದಕ್ಕೆ ಬೂಸಲು ಹಿಡಿದು ಗಡ್ಡ ಬರ್ತದೆ. ಆಗ ಕ್ಷೌರದವನನ್ನೂ ನಾಪೋಕ್ಲಿಂದಲೇ ಕರೆಸಿ."

ಕಂಬ ನೆಡಲು ಕುಶಾಲನಗರದ ಕಡೆಯಿಂದ ಬಂದಿದ್ದ ಸಿದ್ದರಾಜುವನ್ನು ಇಬ್ಬರೂ ಮಧ್ಯಸ್ಥಿಕೆಗೆ ಎಳೆದರು. ಅವನು ಎರಡೂ ಮನೆಯಲ್ಲಿ ಊಟ ಮಾಡಬೇಕಾದವನು. "ಎರಡೂ ಚೆನ್ನಾಗವೆ ಯಜಮಾನ್ರೆ. ಕಂಬ ನೆಟ್ಟಗಿದ್ರೆ ಯಾವುದಾದ್ರೂ ಮಾತಾಡ್ತದೆ," ಎಂದು ಲೋಟದೊಳಗೆ ಮುಖವಿಟ್ಟ.

ಕೊನೆಗೆ ಉತ್ತಯ್ಯನ ಹೆಂಡತಿ ಬೊಳ್ಳಮ್ಮನೇ ದಾರಿ ತೋರಿಸಿದಳು. "ಮಾತಾಡೋದು ನೀವಾ? ನೀವು ದಿನಾ ಎದುರುಬದುರು ಕೂತು ಹೀಗೆ ಕಿತ್ತಾಡ್ತೀರಿ, ನಿಮಗೆ ಪೋನ್ ಯಾಕೆ? ಮಾತಾಡೋದು ಸರೋಜ, ಗಂಗಕ್ಕ. ಅವರಿಬ್ಬರೇ ಎರಡರಲ್ಲೂ ಮಾತಾಡಿ ನೋಡಲಿ. ಯಾವುದು ಚೆನ್ನಾಗಿ ಕೇಳ್ತದೋ ಆ ಜೊತೆ ಇರಲಿ." ಹೀಗೆ ಹೇಳಿ ಗಂಗಮ್ಮನ ಮೊಣಕಾಲು ತಟ್ಟಿ, ಅವಳು ತಿರುಗಿದ ಮೇಲೆ ಮೆಲ್ಲಗೆ ಕೇಳಿದಳು, "ಆಗದಾ ಗಂಗಕ್ಕ?"

"ಆಗಲಿ," ಎಂದಳು ಗಂಗಮ್ಮ.

ಕಳೆದ ಮಳೆಗಾಲದಿಂದ ಅವಳ ಕಿವಿ ಮಂದವಾಗಿತ್ತು. ಯಾರಿಗೂ ಹೇಳಿರಲಿಲ್ಲ. ತುಟಿ ನೋಡಿ ಮಾತು ತಿಳಿಯುವುದು, ನಗು ಕಂಡು ನಗುವುದು, ಯಾರಾದರೂ ಕರೆದಿರಬಹುದೆಂದು ಆಗಾಗ ಸುಮ್ಮನೆ ಹಿಂತಿರುಗಿ ನೋಡುವುದು ರೂಢಿಯಾಗಿತ್ತು. ಬಂದೂಕಿನ ಸದ್ದೂ ಅಕ್ಕಿಮೂಟೆಯೊಳಗಿಂದ ಬಂದ ಹಾಗೆ. ಆ ಊರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಬೆನ್ನುಬೆನ್ನಿಗೆ ಎರಡು. ಎರಡು ಕೇಳಿತೆಂದರೆ ಗುದ್ದಲಿ ಹಿಡಿದವನು ಗುದ್ದಲಿ ಬಿಟ್ಟು, ಉಣ್ಣುತ್ತಿದ್ದವನು ಕೈ ತೊಳೆದು ಆ ದಿಕ್ಕಿಗೆ ಓಡಬೇಕು. ಮೊನ್ನೆ ಕೆಳಗಿನ ಊರಿನಿಂದ ಸದ್ದು ಬಂದಾಗ ಒಂದೋ ಎರಡೋ ತಿಳಿಯದೆ ಗಂಗಮ್ಮ ಗಂಡನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಅವನು ಮೀಸೆ ತಿರುವಿದ ಮೇಲೆ, ಹುಟ್ಟು ಎಂದು ತಿಳಿದು, ನಿಟ್ಟುಸಿರು ಬಿಟ್ಟಿದ್ದಳು.

ಚೊಚ್ಚಲ ಬಾಣಂತನ ತವರಿನದು. ಆದರೂ ಕಳಿಸುವ ದಿನವನ್ನು ಬೊಳ್ಳಮ್ಮ ಇನ್ನೂ ಹೇಳಿರಲಿಲ್ಲ. "ಪೋನ್ ಆಗಲಿ, ಆಮೇಲೆ ನೋಡುವ," ಎನ್ನುತ್ತಿದ್ದಳು. ಕೂಸು ಅತ್ತರೆ ಕೇಳದ ಅಜ್ಜಿಯ ಕೈಗೆ ಯಾರು ತಾನೆ ಬಾಣಂತಿಯನ್ನು ಒಪ್ಪಿಸುತ್ತಾರೆ? ಒಬ್ಬಳೇ ಮಗಳು. ಅವಳಿಗೆಂದು ಗಂಗಮ್ಮ ಆಗಲೇ ಹಳೆಯ ಸೀರೆಗಳನ್ನು ಒಗೆದು ಮೆದು ಮಾಡಿಟ್ಟಿದ್ದಳು. ಬಾಣಂತಿಯ ಸಾರಿಗೆ ಒಳ್ಳೆಮೆಣಸಿನ ಕಾಳು ಕುಟ್ಟಿ ಡಬ್ಬಿ ತುಂಬಿದ್ದಳು. ನಡುಮನೆಯ ತೊಲೆಗೆ ತೊಟ್ಟಿಲ ಹಗ್ಗವನ್ನೂ ಕಟ್ಟಿಯಾಗಿತ್ತು.

ಹೊರಡುವ ಮುಂಚೆ ಉತ್ತಯ್ಯ ಮಿಲಿಟರಿ ಕ್ರಮದಲ್ಲಿ ನಿಯಮ ಹೇಳಿದ. "ಒಂದು ಸಲ ಉದ್ದಕ್ಕೆ ತಿರುಗಿಸಿದರೆ ಸಾದಾ ಮಾತು. ಎರಡು ಸಲ ತಿರುಗಿಸಿದರೆ ಅರ್ಜೆಂಟು."

"ಎರಡು ಬೇಡ," ಎಂದಳು ಬೊಳ್ಳಮ್ಮ.

"ಯಾಕೆ?"

"ಯಾಕೆ ಅಂತ ಬೇರೆ ಕೇಳ್ತೀರಲ್ಲಾ! ಎರಡು ಎಂತಕ್ಕೆ ಅಂತ ಬರ್ಮಾದಲ್ಲಿ ಮರೆತು ಬಂದ್ರಾ?"

ಉತ್ತಯ್ಯ ಕೆಮ್ಮಿದ. ಒಂದೇ ಸಲ, ಏನಿದ್ದರೂ ಒಂದೇ ಸಲ ಎಂದು ನಿಯಮ ತಿದ್ದುಪಡಿಯಾಯಿತು.

ಕಾಫಿ ಕೊಯ್ಲು ಮುಗಿದು, ಗದ್ದೆಯಲ್ಲಿ ದನಗಳು ಅಡ್ಡಾಡುವ ಕಾಲ. ಸಿದ್ದರಾಜು ತಂತಿ ಎಳೆದು ಮುಗಿಸಿದ. ಎರಡೂ ಮನೆಯಲ್ಲಿ ಎರಡೂ ಬಗೆಯ ಪೆಟ್ಟಿಗೆಗಳನ್ನು ಪಕ್ಕಪಕ್ಕ ಇಟ್ಟು, ಮೊದಲು ತೊಗಲಿನದಕ್ಕೆ ತಂತಿ ಸಿಕ್ಕಿಸಿದ್ದರು. ಪಕ್ಷಪಾತ ಬರಬಾರದೆಂದು ಗಂಡಸರು ಹೊರಗಿರಬೇಕೆಂದು ಉತ್ತಯ್ಯ ಕಟ್ಟುನಿಟ್ಟು ಮಾಡಿದ್ದ. ದೇರಪ್ಪ ಮೆಣಸು ಒಣಗಿಸುವ ಕಣದ ಕಡೆಗೆ ಹೋದ.

ಗಂಗಮ್ಮ ಒಬ್ಬಳೇ ಪೆಟ್ಟಿಗೆಯ ಮುಂದೆ ಕೂತಳು. ತಲೆಗೆ ಕಟ್ಟಿದ್ದ ವಸ್ತ್ರವನ್ನು ಸರಿಮಾಡಿಕೊಂಡು, ಒಂದು ಸಲ ತಿರುಗಿಸಿದಳು. ಹಿಡಿಯನ್ನು ಕಿವಿಗಿಟ್ಟಳು. ಏನೂ ಇಲ್ಲ. ಕುಂಬಳದ ಹೂವಿನೊಳಗೆ ದುಂಬಿ ಸೇರಿಕೊಂಡಂತೆ ಒಂದು ಗುಂಯ್ ಮಾತ್ರ. ಇನ್ನೂ ಎತ್ತಿಲ್ಲವೇನೋ ಎಂದುಕೊಂಡು ಕಾದಳು. ಮತ್ತೂ ಇಲ್ಲ. ಗಂಟೆಯೇ ಹೊಡೆದಿಲ್ಲ, ಬೀಗರ ಪೆಟ್ಟಿಗೆ ಬಿದ್ದದ್ದಕ್ಕೆ ಕೆಟ್ಟಿದೆ ಅನ್ನಿಸಿದಾಗ, ನಿಜ ಹೇಳಬೇಕೆಂದರೆ, ಅವಳಿಗೆ ಸಮಾಧಾನವೇ ಆಯಿತು. ತಪ್ಪು ಕಿವಿಯದಲ್ಲ! ಇನ್ನೊಮ್ಮೆ ತಿರುಗಿಸಿ ನೋಡಿದಳು. ಅದೇ ದುಂಬಿ. ಹಿಡಿಯನ್ನು ಅದರ ಜಾಗದಲ್ಲಿಟ್ಟು, ಹಿತ್ತಿಲಿಗೆ ಹೋಗಿ ಪಾತ್ರೆ ತೊಳೆಯತೊಡಗಿದಳು.

ಭುಜದ ಮೇಲೆ ಕೈ ಬಿದ್ದಾಗಲೇ ಅವಳಿಗೆ ಗೊತ್ತಾದದ್ದು. ತಿರುಗಿದರೆ ಬೊಳ್ಳಮ್ಮ. ಕೂದಲು ಬಿಚ್ಚಿದೆ, ಸೀರೆಯ ಅಂಚು ಕೆಸರು, ಮುಖವೆಲ್ಲ ಕಣ್ಣೀರು. ಹಿಂದೆ ಏದುಸಿರು ಬಿಡುತ್ತಿದ್ದ ಉತ್ತಯ್ಯ. ಅವನ ಹಿಂದೆ ಗುದ್ದಲಿ ಬಿಟ್ಟು ಓಡಿಬಂದ ಅವರ ಮನೆಯಾಳು ಮಲ್ಲ, ಎಸ್ಟೇಟಿನ ಕೂಲಿಲೈನಿನ ಹೆಂಗಸರು, ದಾರಿಯಲ್ಲಿ ಸೇರಿಕೊಂಡ ನಾಲ್ಕಾರು ಮನೆಯವರು.

"ಎಂತ ಆತ್ ಬೊಳ್ಳಕ್ಕ?" ಗಂಗಮ್ಮನ ಕೈಯಿಂದ ಪಾತ್ರೆ ಜಾರಿತು. "ಯಾರು ಹೋದದ್ದು?"

ಬೊಳ್ಳಮ್ಮ ಅವಳ ಎರಡೂ ಕೆನ್ನೆ ಹಿಡಿದು ನೋಡಿದಳು. ಅಷ್ಟರಲ್ಲಿ ಕೂಗು ಕೇಳಿ ಕಣದಿಂದ ದೇರಪ್ಪ ಓಡಿಬಂದ. "ಯಾರು? ಯಾರು ಹೋದದ್ದು?"

ಬೊಳ್ಳಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ದೂರು ಹೇಳುವವಳಂತೆ, "ನೀವೂ ಇದ್ದೀರಲ್ಲಾ!" ಎಂದಳು.

ಯಾರೋ ಕಿಸಕ್ಕೆಂದು ನಕ್ಕರು. ಬೊಳ್ಳಮ್ಮ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು, ಉಸಿರು ಹಿಡಿದು ಹಿಡಿದು ಹೇಳಿದಳು. "ಒಂದು ಸಲ ಗಂಟೆ ಬಂತ್. ಸರೋಜ ಎತ್ತಿ ಅವ್ವಾ ಅವ್ವಾ ಅಂತ ಕರೆದಳು. ಇಲ್ಲಿಂದ ಮಾತಿಲ್ಲೆ. ಕರೀತಾ ಇರುವ ಹಾಗೇ ಇನ್ನೊಂದು ಗಂಟೆ. ಎರಡಾತಲ್ಲ! ಮಾತಾಡೋಕೂ ಆಗದೆ ಬಾರಿಸಿದ್ದಾರೆ ಅಂತ... ಸರೋಜಳಿಗೆ ನೀನು ಬಸುರಿ, ಸಾವಿನ ಮನೆಗೆ ಬರಬೇಡ ಅಂತ ಹೇಳಿ ಓಡಿದ್ದು. ಗದ್ದೆಯಿಂದ ಹಿತ್ತಿಲವರೆಗೂ ಎಷ್ಟು ಕೂಗಿದೆವು! ನೀವು ಬೆನ್ನು ಹಾಕಿ ಕೂತೇ ಇದ್ರಿ. ಗಂಗಕ್ಕ..."

ಅವಳು ಅಲ್ಲಿಗೆ ನಿಲ್ಲಿಸಿದಳು. ಹಿತ್ತಿಲಲ್ಲಿ ನಿಂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಜನ ಒಟ್ಟಿಗೆ ಕೂಗಿದ್ದು ಯಾಕೆ ಕೇಳಲಿಲ್ಲವೆಂಬುದು ಒಬ್ಬೊಬ್ಬರಿಗೂ ಹೊಳೆಯುತ್ತಿದ್ದುದನ್ನು ಗಂಗಮ್ಮ ನೋಡುತ್ತಲೇ ಇದ್ದಳು. ತುಟಿ ನೋಡಿ ಓದುವವರಿಗೆ ಮುಖ ಓದುವುದು ಕಷ್ಟವಲ್ಲ.

ಉತ್ತಯ್ಯ ಥಟ್ಟನೆ ಜನರ ಕಡೆ ತಿರುಗಿದ. "ಪೆಟ್ಟಿಗೆ ಕೆಟ್ಟಿದೆ. ಮಿಲಿಟರಿಯವರು ಬೇಡ ಅಂತ ಬಿಸಾಡಿದ ಮಾಲು, ಇನ್ನೆಂತ ಆಗ್ತದೆ? ಗಂಗಮ್ಮನವರು ಪಾಪ ಎಷ್ಟು ತಿರುಗಿಸಿದರೂ ಮಾತೇ ಹೋಗಲಿಲ್ಲ. ಹೋಗಿ ಹೋಗಿ, ಎಲ್ಲರೂ ಕೆಲಸ ನೋಡಿ. ಮಲ್ಲ, ನಡಿ."

ಆ ಪೆಟ್ಟಿಗೆಯನ್ನು ಅವನು ಅಂಗಳಕ್ಕೆ ಎತ್ತಿಹಾಕಿ ಮೆರೆಸಿದ್ದನ್ನು ಊರೇ ಕೇಳಿತ್ತು. ಇದು ಸಿಕ್ಕಿದ್ದೇ ಸಾಕೆಂದು ದೇರಪ್ಪ ಕುಣಿಯಬೇಕಿತ್ತು; ಅವನೂ ತುಟಿ ಬಿಚ್ಚಲಿಲ್ಲ. ಗಂಗಮ್ಮ ಗಂಡನನ್ನು ನೋಡಿದಳು, ಬೀಗನನ್ನು ನೋಡಿದಳು. ಇಬ್ಬರೂ ನೆಲ ನೋಡುತ್ತಿದ್ದರು.

ಜನ ಇಳಿದು ಹೋದ ಮೇಲೆ ಅವಳು ಕೈ ಒರೆಸಿಕೊಂಡಳು. "ಪೆಟ್ಟಿಗೆ ಕೆಟ್ಟಿಲ್ಲೆ," ಎಂದಳು. "ಕೆಟ್ಟದ್ದು ನನ್ನ ಕಿವಿ. ಸರೋಜ ಕರೆದದ್ದು ನಂಗೆ ಕೇಳಲಿಲ್ಲ. ನಾಳೆ ಕೂಸು ಕರೆದರೂ ಕೇಳದು. ಬೊಳ್ಳಕ್ಕ, ಬಾಣಂತನ ನಿಮ್ಮಲ್ಲೇ ಆಗಲಿ. ಮಡಚಿಟ್ಟ ಸೀರೆ ಉಂಟು, ಒಳ್ಳೆಮೆಣಸಿನ ಪುಡಿ ಉಂಟು. ಮಲ್ಲನ ಕೈಲಿ ಕಳಿಸಿಕೊಡ್ತೇನೆ."

ಹೇಳಿ ಮುಗಿಸಿ, ಕೈಯಿಂದ ಜಾರಿದ್ದ ಪಾತ್ರೆಯನ್ನು ಎತ್ತಿ ಕವುಚಿಟ್ಟು ಕೂತಳು.

ಬೊಳ್ಳಮ್ಮ ಅವಳ ಮೊಣಕಾಲು ತಟ್ಟಿದಳು. ಎದುರಿಗೆ ಸರಿದು, ಬೆಳಕಿಗೆ ಮುಖ ಮಾಡಿ ಕೂತಳು. "ನಂಗೆ ಪುತ್ತರಿ ಹಬ್ಬದಿಂದಲೇ ಗೊತ್ತುಂಟು."

ಗಂಗಮ್ಮನಿಗೆ ಆಗ ಒಂದೊಂದೇ ನೆನಪಾಯಿತು. ಪುತ್ತರಿಯ ನಂತರ ಬೊಳ್ಳಮ್ಮ ಯಾವತ್ತೂ ಪಕ್ಕದಲ್ಲಿ ಕೂತದ್ದಿಲ್ಲ, ಎದುರಿಗೇ. ಮಾತಿಗೆ ಮುಂಚೆ ಮೊಣಕಾಲು ತಟ್ಟುವುದು. ಯಾರಾದರೂ ಏನಾದರೂ ಕೇಳಿದರೆ "ಏನಂದ್ರಿ, ಮೆಣಸಿನ ರೇಟಾ?" ಎಂದು ತಾನೇ ಕೇಳದವಳಂತೆ ಮತ್ತೆ ಗಟ್ಟಿಯಾಗಿ ಹೇಳಿಸುವುದು. ಬೀಗಿತ್ತಿಗೆ ವಯಸ್ಸಾಯಿತು, ಮಾತು ಮರೆಯುತ್ತಾಳೆ ಎಂದು ಗಂಗಮ್ಮ ಒಳಗೊಳಗೇ ಮರುಗಿದ್ದಳು.

"ಮತ್ತೆ ಕಳಿಸುವ ದಿನ ಯಾಕೆ ಹೇಳಲಿಲ್ಲ?"

"ನಾನೂ ಜೊತೆಗೆ ಬರ್ತೇನೆ ಅಂತ ಹೇಗೆ ಹೇಳೋದು ಅಂತ ನೋಡ್ತಾ ಇದ್ದೆ. ಅತ್ತೆ ಹೋಗಿ ಸೊಸೆಯ ತವರಲ್ಲಿ ಬಾಣಂತನಕ್ಕೆ ಕೂತರೆ ಊರು ನಗ್ತದಲ್ಲ."

"ನಗ್ತದೆ," ಎಂದ ದೇರಪ್ಪ.

"ಇವತ್ತು ಊರನ್ನೆಲ್ಲ ಗದ್ದೆ ತುಂಬಾ ಓಡಿಸಿಯಾತ್. ನಗೋದಿದ್ದರೆ ಇವತ್ತೇ ಎಲ್ಲಾ ನಗಲಿ. ಗಂಗಕ್ಕ, ಕೂಸು ಅತ್ತರೆ ನಾನು ಕೇಳ್ತೇನೆ. ನಂಗೆ ಸೊಂಟ ಬಗ್ಗದು, ಎತ್ತಿಕೊಳ್ಳೋದು ನೀವು."

"ಮತ್ತೆ ನಂಗೆ ಅನ್ನ ಬೇಯಿಸೋದು ಯಾರು?" ಎಂದ ಉತ್ತಯ್ಯ.

"ಪೋನ್ ಉಂಟಲ್ಲ. ತಿರುಗಿಸಿ ಕೇಳಿ, ಹೇಳಿಕೊಡ್ತೇನೆ."

ಗಂಗಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ, ಸೆರಗಿನ ಹಿಂದೆ ಇದ್ದುದರಿಂದ ಯಾರಿಗೂ ತಿಳಿಯಲಿಲ್ಲ. ಆಗಲೇ ದೇರಪ್ಪ ತಲೆಯೆತ್ತಿ, "ಗಂಟೆ!" ಎಂದ. ಒಂದೇ ಸಲ, ಉದ್ದಕ್ಕೆ. ಆ ದಡದಲ್ಲಿ ಒಬ್ಬಳೇ ಉಳಿದ ಸರೋಜ. ತವರಲ್ಲಿ ಸತ್ತವರು ಯಾರೆಂದು ತಿಳಿಯದೆ ಕೂತ ಬಸುರಿ ಹುಡುಗಿಯ ನೆನಪು ಎಲ್ಲರಿಗೂ ಒಟ್ಟಿಗೇ ಬಂದು, ನಾಲ್ವರೂ ಒಳಗೆ ನುಗ್ಗಿದರು.

ದೇರಪ್ಪ ತಂತಿಯನ್ನು ಕಿತ್ತು ತೇಗದ ಪೆಟ್ಟಿಗೆಗೆ ಸಿಕ್ಕಿಸಿ, ಗೊಟ್ಟವನ್ನು ಹೆಂಡತಿಯ ಕೈಗಿತ್ತ. ತಲೆವಸ್ತ್ರ ಕಿವಿಗೆ ಅಡ್ಡ ಬಂದಿತ್ತು. ಅವಸರದಲ್ಲಿ ಗೊಟ್ಟವನ್ನು ಕಿವಿಯ ಹಿಂದಿನ ಮೂಳೆಗೇ ಒತ್ತಿ ಹಿಡಿದಳು.

"ಅವ್ವಾ? ಯಾರಾದ್ರೂ ಮಾತಾಡಿ. ಅವ್ವಾ?"

ಕಿವಿ ಹಿಡಿಯದ ದನಿ ಮೂಳೆ ಹಾದು ಬಂತು, ತಲೆಯೊಳಗೇ ಯಾರೋ ದೀಪ ಹಚ್ಚಿದ ಹಾಗೆ. ಸರೋಜಳ ದನಿ ಕಳೆದ ಮಳೆಗಾಲದಲ್ಲಿ ಬಿಟ್ಟಲ್ಲೇ ಇತ್ತು. ಅಳುವಾಗ ಮೂಗು ಕಟ್ಟುವುದು, ಕೊನೆಯ ಅಕ್ಷರ ನುಂಗುವುದು, ಎಲ್ಲ. ಹಿಂದೆ ಎಲ್ಲೋ ಒಂದು ಹುಂಜ. ಬೀಗರ ಮನೆಯ ಗಡಿಯಾರದ ಟಿಕ್‌ಟಿಕ್ ಕೂಡ.

"ಇದ್ದೇನೆ ಮಗಳೇ," ಎಂದಳು ಗಂಗಮ್ಮ. "ಎಲ್ಲರೂ ಇದ್ದೇವೆ. ಯಾರೂ ಎಲ್ಲೂ ಹೋಗಿಲ್ಲೆ. ನಿಂಗೆ ನೆಗಡಿಯಾ? ನೆಲದ ಮೇಲೆ ಬರಿಗಾಲಲ್ಲಿ ನಿಂತುಕೊಂಡಿದ್ದೀಯಾ?"

ಆ ಕಡೆಯಿಂದ ನಗು ಬಂತು. ಅದೂ ಕೇಳಿತು.

ಅವಳು ಗೊಟ್ಟ ಇಟ್ಟ ಮೇಲೆ ಉತ್ತಯ್ಯ ತನ್ನ ಕಪ್ಪು ಹಿಡಿಯನ್ನು ಕಿವಿಯ ಹಿಂದಿನ ಮೂಳೆಗಿಟ್ಟು ನೋಡಿದ. ಮಾತಾಡುವ ತುದಿ ಬಾಯಿ ಬಿಟ್ಟು ಕತ್ತಿನ ಕಡೆಗೆ ಹೋಯಿತು. ಎರಡೂ ಒಂದರಲ್ಲೇ ಇದ್ದರೆ ಹೀಗೆ. ಬೇರೆ ಬೇರೆ ಇದ್ದದ್ದಕ್ಕೇ ತೇಗದ ಪೆಟ್ಟಿಗೆಯಲ್ಲಿ ಕೇಳುವುದನ್ನು ಎಲ್ಲಿ ಬೇಕಾದರೂ ಇಟ್ಟುಕೊಂಡು, ಬಾಯಿಯನ್ನು ಬಾಯಿಯ ಜಾಗದಲ್ಲೇ ಇಡಬಹುದು. ಎರಡು ಮೂರು ಸಲ ಇಟ್ಟು ತೆಗೆದು ಮಾಡಿ, "ಹೂಂ. ಈ ಕಡೆಗೆ ಬೀರುವೇ ಸರಿ ಬಾವ," ಎಂದ.

"ಆ ಕಡೆಗೆ ನಿಮ್ಮದೇ ಇರಲಿ," ಎಂದ ದೇರಪ್ಪ. "ಒಂದು ಕೈಲಿ ಸೌಟು ಹಿಡೀಬೇಕಲ್ಲ ನೀವು."

ಹಾಗೆ ಎರಡು ಜೊತೆಯೂ ಒಡೆದು, ಒಂದೊಂದು ಮನೆಯಲ್ಲಿ ಒಂದೊಂದು ಉಳಿಯಿತು. ಸರೋಜ ತವರಿಗೆ ಬಂದಳು, ಬೆನ್ನಿಗೇ ಟ್ರಂಕು ಹೊರಿಸಿಕೊಂಡು ಬೊಳ್ಳಮ್ಮನೂ ಬಂದಳು. ಊರು ನಕ್ಕಿತು. ಆ ದಡದಿಂದ ದಿನಾ ಗಂಟೆ ಬರುತ್ತಿತ್ತು: ಅಕ್ಕಿಗೆ ನೀರು ಎಷ್ಟು, ಉಪ್ಪು ಮೊದಲಾ ಆಮೇಲಾ, ಹೊಗೆ ಬಂದರೆ ಎಂತ ಮಾಡಬೇಕು. ಗಂಗಮ್ಮ ಗೊಟ್ಟವನ್ನು ಮೂಳೆಗೆ ಒತ್ತಿಕೊಂಡು ಬೀಗಿತ್ತಿಯ ಉತ್ತರಗಳನ್ನು ತಲುಪಿಸುತ್ತಿದ್ದಳು, ಬೈಗುಳಗಳನ್ನು ಅಷ್ಟಿಷ್ಟು ಸೋಸಿ.

ಕಾಫಿ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಾಗಿ ಘಮ್ಮೆನ್ನುತ್ತಿದ್ದ ಒಂದು ಬೆಳಿಗ್ಗೆ ನಾಪೋಕ್ಲಿನ ನರ್ಸಮ್ಮ ಒಳಗಿನಿಂದ ಬಂದು, ಎಲ್ಲ ಸುಖ, ಹೆಣ್ಣು ಎಂದಳು. ಬೊಳ್ಳಮ್ಮ ಬಿಸಿನೀರಿಗೆ ಓಡಿದಳು. ಗಂಗಮ್ಮ ಮೊಮ್ಮಗಳನ್ನು ನೋಡಿ, ಹೊರಗೆ ಬಂದು, ತೇಗದ ಪೆಟ್ಟಿಗೆಯ ತಿರುಗಣೆಯನ್ನು ಒಂದೇ ಒಂದು ಸಲ ತಿರುಗಿಸಿದಳು.

"ಹೆಣ್ಣುಮಗು. ಇಬ್ಬರೂ ಚೆನ್ನಾಗಿದ್ದಾರೆ."

ಆ ಕಡೆ ಸೌಟು ಕೆಳಗಿಟ್ಟ ಸದ್ದಾಯಿತು. ಆಮೇಲೆ ಉತ್ತಯ್ಯನ ದನಿ ಬಂತು. "ಇಡಬೇಡಿ. ಹಾಗೇ ಹಿಡಿದುಕೊಂಡು ಕೇಳ್ತಾ ಇರಿ."

ಗಂಗಮ್ಮ ಕೇಳುತ್ತಾ ನಿಂತಳು. ಏನೋ ಸಿಗಿಯುವ ಸದ್ದು, ಬಾಳೆನಾರು ಇರಬೇಕು. "ಒತ್ತಿದರೆ ಮಾತ್ರವಂತೆ, ಯಾವ ಬುದ್ಧಿವಂತ ಮಾಡಿದನೋ," ಎಂದು ಅವನು ತನ್ನಷ್ಟಕ್ಕೆ ಬೈದುಕೊಳ್ಳುತ್ತಾ ಗುಂಡಿಯನ್ನು ನಾರಿನಿಂದ ಬಿಗಿದು ಕಟ್ಟಿದ್ದು ಕೇಳಿತು. ಹಿಡಿಯನ್ನು ಜಗಲಿಕಟ್ಟೆಯ ಮೇಲಿಟ್ಟ ಸದ್ದು. ಹೆಜ್ಜೆ. ಗೋಡೆಯಿಂದ ಏನನ್ನೋ ಇಳಿಸಿದ ಸದ್ದು. ಮತ್ತೆ ಹೆಜ್ಜೆ, ಈಗ ಅಂಗಳದ ಮಣ್ಣಿನ ಮೇಲೆ. ಮಲ್ಲ ಏನೋ ಕೇಳಿದ, "ಹೆಣ್ಣಾದರೆ ಎಂತ?" ಎಂದ ಉತ್ತಯ್ಯ.

ಗುಂಡು ಹಾರಿತು. ಗೊಟ್ಟದೊಳಗೆ, ಮೂಳೆಯೊಳಗೆ, ಹಲ್ಲಿನವರೆಗೂ.

ಅವಳು ಉಸಿರು ಬಿಗಿಹಿಡಿದು ಇನ್ನೊಂದಕ್ಕೆ ಕಾದಳು. ಬರಲಿಲ್ಲ. ಬೀಗರ ಮನೆಯ ಮೇಲಿಂದ ಕಾಗೆಗಳು ಎದ್ದು ಕೂಗುವುದು ಕೇಳಿತು, ಮಲ್ಲ ನಗುವುದು ಕೇಳಿತು.

ಬೊಳ್ಳಮ್ಮ ಬಿಸಿನೀರಿನ ಚೆಂಬು ಹಿಡಿದು ಬಾಗಿಲಿಗೆ ಬಂದಳು. ಗಂಗಮ್ಮನ ಎದುರಿಗೆ ಬಂದು ನಿಂತು ಕೇಳಿದಳು, "ಗುಂಡಿನ ಸದ್ದಲ್ವಾ ಅದು? ಹೆಣ್ಣುಮಗುವಿಗೆ ಗುಂಡು ಹೊಡೆದ್ರಾ ಇವರು?"

"ಒಂದೇ," ಎಂದಳು ಗಂಗಮ್ಮ. "ಒಂದೇ ಹೊಡೆದದ್ದು ಬೊಳ್ಳಕ್ಕ. ನಂಗೆ ಚೆನ್ನಾಗಿ ಕೇಳಿತು."